ಡೀಸೆಲ್ ಪಂಪಿನ ಆಯುಷ್ಯ
(ಬಾನುಲಿ ಭಾಷಣ)

ಲಾರಿಯ ಹಿಂಬದಿಯ ಬರಹಗಳನ್ನು ಕುರಿತು ನಮ್ಮಲ್ಲಿ ಲಲಿತ ಪ್ರಬಂಧಗಳು ಬಂದಿವೆ. ಅದರ ಹಾರನ್ನಿನ ಕರ್ಕಶವನ್ನೂ ಅದು ಉಗುಳುವ ಹೊಗೆಯನ್ನೂ ಕುರಿತು ವಾಚಕರ ಪತ್ರಗಳು ಬರುತ್ತಲೇ ಇರುತ್ತವೆ. ನಾನು ಈ ಹೊತ್ತು ಹೇಳಲಿರುವುದು ಹೊರಗಿನಿಂದ ಕಾಣದ ಒಂದು ಸಾಧನದ ವಿಷಯ. ಹಳೆಯ ಲಾರಿಯ ಬಾನೆಟ್ಟನ್ನು ಎತ್ತಿದರೆ ಎಂಜಿನ್ನಿನ ಪಕ್ಕೆಗೆ ಅಂಟಿಕೊಂಡಂತೆ ಕುಳಿತಿರುವ, ಮೊಳದುದ್ದಕ್ಕಿಂತ ಕಡಮೆಯ ಒಂದು ಪೆಟ್ಟಿಗೆ ಕಾಣುತ್ತದೆ. ಅದರ ನೆತ್ತಿಯಿಂದ ಆರು ಸಣ್ಣ ಉಕ್ಕಿನ ಕೊಳವೆಗಳು ಹೊರಟು ಆರು ಸಿಲಿಂಡರುಗಳಿಗೆ ಹೋಗುತ್ತವೆ. ಪುಸ್ತಕದ ಭಾಷೆಯಲ್ಲಿ ಇದು ಫ್ಯೂಯೆಲ್ ಇಂಜೆಕ್ಷನ್ ಪಂಪ್. ನಮ್ಮ ಗ್ಯಾರೇಜುಗಳ ಭಾಷೆಯಲ್ಲಿ ಬರಿಯ ‘ಡೀಸೆಲ್ ಪಂಪು’.

ಈ ಪೆಟ್ಟಿಗೆ ಕೆಟ್ಟಿತೆಂದರೆ ಲಾರಿ ನಿಂತಿತು. ನಮ್ಮ ದೇಶದಲ್ಲಿ ಲಾರಿಗಳ ದೊಡ್ಡ ಪಾಲು ಇರುವುದು ದೊಡ್ಡ ಕಂಪೆನಿಗಳ ಕೈಯಲ್ಲಲ್ಲ. ಒಂದು ಲಾರಿ, ಅದರ ಮೇಲೊಂದು ಸಾಲ, ಆ ಸಾಲದ ಕಂತಿನ ಮೇಲೆ ಕಣ್ಣಿಟ್ಟುಕೊಂಡು ಬದುಕುವ ಒಂದು ಸಂಸಾರ — ಇಂಥ ಮಾಲೀಕರೇ ಹೆಚ್ಚು. ಪಂಪನ್ನು ಬಿಚ್ಚಿ ಒಳಗಿನ ಭಾಗಗಳನ್ನು ಬದಲಿಸಬೇಕಾಗಿ ಬಂದರೆ ಸಾವಿರಗಟ್ಟಲೆ ರೂಪಾಯಿ ಖರ್ಚು. ಜೊತೆಗೆ ಬಾಡಿಗೆ ತಪ್ಪಿದ ದಿನಗಳ ನಷ್ಟ. ಕೇಳುಗರಲ್ಲಿ ಲಾರಿಯವರು ಎಷ್ಟು ಮಂದಿ ಇದ್ದಾರೋ ನಾನರಿಯೆ. ಆದರೆ ತೋಟಕ್ಕೆ ನೀರೆತ್ತುವ ಎಂಜಿನ್ನೋ ಉಳುವ ಟ್ರಾಕ್ಟರೋ ಇಲ್ಲದ ಊರು ಇಂದು ವಿರಳ. ಅವುಗಳ ಹೊಟ್ಟೆಯಲ್ಲೂ ಇದೇ ಕುಲದ ಪಂಪು ಉಂಟು.

ಡೀಸೆಲ್ ಎಂಬುದು ಎಣ್ಣೆಯ ಹೆಸರಾಗುವ ಮೊದಲು ಒಬ್ಬ ಮನುಷ್ಯನ ಹೆಸರಾಗಿತ್ತು. ಜರ್ಮನಿಯ ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನಿನ ಹಕ್ಕುಪತ್ರವನ್ನು ಪಡೆದದ್ದು 1893ರಲ್ಲಿ. ಆಗ್ಸ್‌ಬರ್ಗ್ ನಗರದಲ್ಲಿ ಅದು ತೃಪ್ತಿಕರವಾಗಿ ಓಡಿದ್ದು 1897ರಲ್ಲಿ. ಗಾಳಿಯನ್ನು ಬಲವಾಗಿ ಅದುಮಿದರೆ ಅದು ಕಾಯುತ್ತದೆ. ಸಾಕಷ್ಟು ಕಾದ ಗಾಳಿಗೆ ಎಣ್ಣೆಯನ್ನು ಸಿಂಪಡಿಸಿದರೆ ಕಿಡಿಯ ಹಂಗಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. ತತ್ತ್ವವೇನೋ ಸರಳ. ಅದುಮಿದ ಗಾಳಿಯ ಎದುರಿಗೆ ಎಣ್ಣೆಯನ್ನು ಒಳಗೆ ತಳ್ಳುವುದು ಹೇಗೆ ಎಂಬುದೇ ತೊಡಕಾಯಿತು. ಅದಕ್ಕಿಂತಲೂ ಹೆಚ್ಚು ಒತ್ತಡದ ಗಾಳಿಯಿಂದ ಎಣ್ಣೆಯನ್ನು ಊದಿ ಕಳಿಸುವ ಉಪಾಯವನ್ನು ಆತ ಕಂಡುಕೊಂಡ. ಅದಕ್ಕೊಂದು ಗಾಳಿಯ ಕಂಪ್ರೆಸರ್ ಬೇಕು; ಅದರ ಭಾರವನ್ನು ಕಾರ್ಖಾನೆಯ ನೆಲ ಹೊತ್ತೀತು, ಹಡಗು ಹೊತ್ತೀತು, ರಸ್ತೆಯ ಬಂಡಿ ಹೊರಲಾರದು. 1913ರಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ಕಾಣೆಯಾಗಿ ಆತ ಸಮುದ್ರದ ಪಾಲಾದಾಗ, ಅವನ ಎಂಜಿನ್ನು ಇನ್ನೂ ರಸ್ತೆಗೆ ಇಳಿದಿರಲಿಲ್ಲ.

1920ರ ದಶಕದಲ್ಲಿ ಡೀಸೆಲ್ ಲಾರಿಗಳು ಒಂದೊಂದಾಗಿ ಹೊರಬಿದ್ದವು. ಅವು ಸಾಲುಸಾಲಾಗಿ ಬರಲು ಕಾರಣ ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್‌ನ ಕಾರ್ಖಾನೆ. 1922ರ ಕೊನೆಗೆ ಅಲ್ಲಿ ಆರಂಭವಾದ ಪ್ರಯತ್ನದ ಫಲವಾಗಿ 1927ರಲ್ಲಿ ಎಣ್ಣೆಯನ್ನು ನೇರವಾಗಿ ಒತ್ತಿ ಕಳಿಸುವ ಪಂಪು ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿತು. ಕಂಪ್ರೆಸರಿನ ಭಾರ ಇಳಿಯಿತು. ಬೆಂಗಳೂರಿನ ಹಳಬರಿಗೆ ಈ ಕಥೆಯ ಮುಂದಿನ ಭಾಗ ಗೊತ್ತು. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ, ಜನರ ಬಾಯಲ್ಲಿ ‘ಮೈಕೋ’, ಆಡುಗೋಡಿಯಲ್ಲಿ ನೆಲೆಯೂರಿತು. ಸೈರನ್ನಿಗೆ ಹೊರಟು ಸೈರನ್ನಿಗೆ ಮರಳುತ್ತಿದ್ದ ಸಾವಿರಾರು ಕನ್ನಡಿಗರ ಬೆರಳುಗಳ ನಯ ದೇಶದ ಉದ್ದಗಲದ ಲಾರಿಗಳಲ್ಲಿ ಓಡಾಡಿತು. ಕಂಪೆನಿಯ ಹೆಸರು 2008ರಲ್ಲಿ ಬಾಷ್ ಎಂದು ಬದಲಾಯಿತು. ಮೈಕೋ ಲೇಔಟ್ ಎಂಬ ಬಡಾವಣೆ ಮಾತ್ರ ಹಳೆಯ ಹೆಸರನ್ನು ಹೊತ್ತು ನಿಂತಿದೆ.

ಇನ್ನು ಪೆಟ್ಟಿಗೆಯ ಒಳಕ್ಕೆ ಬರೋಣ. ಒಂದೊಂದು ಸಿಲಿಂಡರಿಗೂ ಒಂದೊಂದು ಜೋಡಿ: ಕಿರುಬೆರಳಿನಷ್ಟು ಅಥವಾ ಅದಕ್ಕೂ ಸಣ್ಣ ಉಕ್ಕಿನ ಕಡ್ಡಿ, ಅದು ಮೇಲೆ ಕೆಳಗೆ ಆಡುವ ಉಕ್ಕಿನ ಕೊಳವೆ. ಕಡ್ಡಿ ಪ್ಲಂಜರ್, ಕೊಳವೆ ಬ್ಯಾರೆಲ್. ಎರಡೂ ಕೂಡಿದರೆ ಮೇಸ್ತ್ರಿಗಳ ಬಾಯಲ್ಲಿ ‘ಎಲಿಮೆಂಟು’. ಪ್ಲಂಜರು ಪ್ರತಿಸಲವೂ ಒಂದೇ ಎತ್ತರಕ್ಕೆ ಏರುತ್ತದೆ. ಹಾಗಾದರೆ ಏರಿನಲ್ಲಿ ಹೆಚ್ಚು ಎಣ್ಣೆ, ಸಮನೆಲದಲ್ಲಿ ಕಡಮೆ ಎಣ್ಣೆ ಹೋಗುವುದು ಹೇಗೆ? ಪ್ಲಂಜರಿನ ಮೈಮೇಲೆ ಓರೆಯಾಗಿ ಸುತ್ತಿಹೋಗುವ ಒಂದು ಗಾಡಿಯನ್ನು ಕೊರೆದಿರುತ್ತಾರೆ. ಏರುತ್ತಿರುವಾಗ ಈ ಓರೆಗಾಡಿಯ ಅಂಚು ಬ್ಯಾರೆಲಿನ ತೂತಿಗೆ ಎದುರಾದ ಕ್ಷಣದಲ್ಲಿ ಒತ್ತಡ ಕುಸಿದು ಸರಬರಾಜು ನಿಲ್ಲುತ್ತದೆ. ಚಾಲಕ ಆಕ್ಸಿಲರೇಟರನ್ನು ಒತ್ತಿದಾಗ ಪ್ಲಂಜರು ತನ್ನ ಅಕ್ಷದ ಮೇಲೆ ತುಸು ತಿರುಗುತ್ತದೆ. ಓರೆಯಾದ ಅಂಚು ತೂತನ್ನು ಮುಟ್ಟುವುದು ತುಸು ತಡವಾಗುತ್ತದೆ. ಅಷ್ಟು ಎಣ್ಣೆ ಹೆಚ್ಚು ಹೋಗುತ್ತದೆ. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಇದನ್ನು ಬಿಡಿಸಿ ತೋರಿಸಿದಾಗಲೆಲ್ಲ ಹುಡುಗರ ಮುಖ ಅರಳುತ್ತಿದ್ದುದನ್ನು ಕಂಡಿದ್ದೇನೆ. ಇಷ್ಟು ಚೊಕ್ಕವಾದ ಯುಕ್ತಿ ಯಂತ್ರಗಳ ಲೋಕದಲ್ಲಿ ಬಹಳವಿಲ್ಲ.

ಅಳತೆಗಳನ್ನೂ ಸ್ವಲ್ಪ ನೋಡಿ. ಪೂರ್ತಿ ಹೇರಿದ ಲಾರಿಯೊಂದರ ಸಿಲಿಂಡರಿಗೆ ಒಂದು ಸಲಕ್ಕೆ ಹೋಗುವ ಎಣ್ಣೆ ಒಂದೆರಡು ಹನಿಯನ್ನು ಮೀರದು. ನಿಂತಲ್ಲೇ ಗುರುಗುಟ್ಟುವಾಗ ಕಾಲು ಹನಿ. ಅದು ಹೋಗಬೇಕಾದದ್ದು ಸೆಕೆಂಡಿನ ಐನೂರರಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ. ಕೊನೆಯಲ್ಲಿರುವ ನಾಜಲಿನ ಸೂಜಿ ಎದ್ದು ದಾರಿ ಬಿಡಬೇಕಾದರೆ ವಾತಾವರಣದ ಒತ್ತಡದ ಸುಮಾರು 200 ಪಟ್ಟು ಒತ್ತಡ ಬೇಕು. ಎಂಜಿನ್ನು ನಿಮಿಷಕ್ಕೆ 1,800 ಸುತ್ತು ಸುತ್ತಿದರೆ ಒಂದೊಂದು ಪ್ಲಂಜರು 900 ಸಲ ಏರಿಳಿಯುತ್ತದೆ. ಗಂಟೆಗೆ 40 ಕಿಲೋಮೀಟರಿನ ಲೆಕ್ಕದಲ್ಲಿ ಒಂದು ಲಕ್ಷ ಕಿಲೋಮೀಟರು ಮುಗಿಯುವುದರೊಳಗೆ ಅದು 13 ಕೋಟಿಗೂ ಮಿಕ್ಕಿ ಏರಿಳಿದಿರುತ್ತದೆ.

ಇಷ್ಟು ಒತ್ತಡದ ಎಣ್ಣೆ ಪ್ಲಂಜರಿನ ಪಕ್ಕದಿಂದ ಸೋರದಂತೆ ತಡೆಯಲು ಅಲ್ಲಿ ರಬ್ಬರೂ ಇಲ್ಲ, ಬಳೆಯೂ ಇಲ್ಲ. ಪ್ಲಂಜರಿಗೂ ಬ್ಯಾರೆಲಿಗೂ ನಡುವಣ ಸಂದು ಎರಡು ಮೂರು ಮೈಕ್ರಾನು. ಮೈಕ್ರಾನು ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ತಲೆಗೂದಲೊಂದರ ದಪ್ಪ ಸುಮಾರು 70 ಮೈಕ್ರಾನು. ಇವೆರಡನ್ನೂ ಜೊತೆಯಾಗಿಯೇ ಉಜ್ಜಿ ಹೊಂದಿಸಿರುತ್ತಾರೆ. ಒಂದರ ಪ್ಲಂಜರನ್ನು ಇನ್ನೊಂದರ ಬ್ಯಾರೆಲಿಗೆ ಹಾಕಿದರೆ ಸಂಸಾರ ನಡೆಯುವುದಿಲ್ಲ. ಈ ಸಂದಿನಲ್ಲಿ ಸವಕಳಿಯಾಗದಂತೆ ಜಾರಿಸುವ ಎಣ್ಣೆ ಯಾವುದು? ಪಂಪಿನ ಕೆಳಭಾಗದ ಕ್ಯಾಮ್ ಶಾಫ್ಟಿಗೇನೋ ಬೇರೆ ಎಣ್ಣೆಯುಂಟು. ಪ್ಲಂಜರಿಗೆ ಮಾತ್ರ ಅದು ತಳ್ಳುವ ಡೀಸೆಲೇ ಗತಿ. ಸಾಗಿಸುವ ಸರಕೇ ಅದರ ಸಂರಕ್ಷಕ. ಡೀಸೆಲು ಕೆಟ್ಟರೆ ಪಂಪು ಕೆಟ್ಟಿತೆನ್ನಲು ಇದೇ ಕಾರಣ.

ಮೊದಲ ಶತ್ರು ಧೂಳು. ಬರಿಗಣ್ಣಿಗೆ 40 ಮೈಕ್ರಾನಿಗಿಂತ ಸಣ್ಣ ಕಣ ಕಾಣುವುದು ಕಷ್ಟ. ಪಂಪನ್ನು ಕೊರೆಯುವುದಾದರೋ ಸಂದಿಗೆ ಸರಿಹೊಂದುವಂಥ ಐದು ಹತ್ತು ಮೈಕ್ರಾನಿನ ಕಣ. ಸಂಡೂರು, ಹೊಸಪೇಟೆಗಳ ಕಡೆಯಿಂದ ಕಬ್ಬಿಣದ ಅದುರನ್ನು ಹೊತ್ತು ಕರಾವಳಿಯ ಬಂದರುಗಳಿಗೆ ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದ ವರ್ಷಗಳು ನೆನಪಿರಬಹುದು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯುವ ತನಕ ಆ ದಾರಿಯ ಮರಗಳ ಎಲೆಯೂ ಕೆಂಪಗಿತ್ತು. ಲೋಹಕ್ಕೆ ಒಪ್ಪ ಕೊಡಲು ಒಡವೆ ಕೆಲಸದವರು ಬಳಸುವ ಕೆಂಪು ಪುಡಿ ಕಬ್ಬಿಣದ ಆಕ್ಸೈಡೇ. ಅದುರಿನ ಧೂಳೂ ಅದೇ ಪದಾರ್ಥ. ಟ್ಯಾಂಕಿನ ಮುಚ್ಚಳ ಕಳೆದುಹೋಗಿದೆಯೆಂದು ಗೋಣಿಚೂರನ್ನು ತುರುಕಿಕೊಂಡು ಆ ದಾರಿಯಲ್ಲಿ ಓಡಾಡಿದ ಲಾರಿ, ತನ್ನ ಪಂಪಿಗೆ ತಾನೇ ಹಗಲಿರುಳೂ ಒಪ್ಪ ಹಾಕುತ್ತಿತ್ತು ಎನ್ನಬೇಕು.

ಎರಡನೆಯದು ನೀರು. ಸಂಜೆ ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ಉಳಿದರ್ಧ ಗಾಳಿ. ರಾತ್ರಿ ತಂಪಾದಾಗ ಆ ಗಾಳಿಯ ತೇವ ಟ್ಯಾಂಕಿನ ಗೋಡೆಗೆ ಬೆವರಿನಂತೆ ಕಟ್ಟಿ ಕೆಳಗಿಳಿಯುತ್ತದೆ. ಒಂದು ರಾತ್ರಿಯದು ಲೆಕ್ಕಕ್ಕಿಲ್ಲ. ಒಂದು ಮಳೆಗಾಲದ್ದು ಲೆಕ್ಕಕ್ಕುಂಟು. ನೀರು ಡೀಸೆಲಿಗಿಂತ ಭಾರವಾದ್ದರಿಂದ ತಳದಲ್ಲಿ ಕೂರುತ್ತದೆ. ನೀರೂ ಎಣ್ಣೆಯೂ ಕೂಡುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕರಿಯ ಲೋಳೆಯಾಗುತ್ತವೆ. ಪ್ಲಂಜರಿನ ಹೊಳಪಿನ ಮೇಲೆ ತುಕ್ಕಿನ ಒಂದು ಚುಕ್ಕೆ ಬಿದ್ದರೂ ಸಾಕು. ಆದ್ದರಿಂದ ಟ್ಯಾಂಕನ್ನು ತುಂಬಿಸುವುದಾದರೆ ಬೆಳಗ್ಗೆಗಿಂತ ಸಂಜೆಯೇ ಲೇಸು. ಫಿಲ್ಟರಿನ ಮತ್ತು ಟ್ಯಾಂಕಿನ ತಳದ ತಿರುಪನ್ನು ಬೆಳಗ್ಗೆ, ಎಂಜಿನ್ನನ್ನು ಚಾಲೂ ಮಾಡುವ ಮೊದಲೇ, ತುಸು ಸಡಿಲಿಸಿ ನೀರನ್ನು ಇಳಿಸಬೇಕು. ಲಾರಿ ಓಡಿದ ಮೇಲೆ ನೀರು ಎಣ್ಣೆ ಕಲಸಿಹೋಗಿರುತ್ತವೆ. ಟ್ಯಾಂಕನ್ನು ತಳ ಕಾಣುವ ತನಕ ಬರಿದು ಮಾಡುವುದಂತೂ ಕೆಟ್ಟ ಚಾಳಿ. ತಳದ ಕೊಳೆಯೆಲ್ಲ ಆಗ ಮೇಲೇರುತ್ತದೆ, ಗಾಳಿ ಹಿಡಿದರೆ ಪ್ಲಂಜರು ಒಣಗಿ ಆಡುತ್ತದೆ.

ಧೂಳನ್ನು ತಡೆಯುವ ಕಾವಲುಗಾರ ಫಿಲ್ಟರು. ಅನೇಕ ಹಳೆಯ ಲಾರಿಗಳಲ್ಲಿ ಎರಡು ಫಿಲ್ಟರುಗಳು ಅಕ್ಕಪಕ್ಕ ತೂಗುತ್ತವೆ: ಮೊದಲನೆಯದರಲ್ಲಿ ಬಟ್ಟೆ ಅಥವಾ ಫೆಲ್ಟು, ಎರಡನೆಯದರಲ್ಲಿ ಮಡಿಕೆ ಮಡಿಕೆಯಾದ ಕಾಗದ. ಮೊದಲನೆಯದನ್ನು ಶುದ್ಧ ಡೀಸೆಲಿನಲ್ಲಿ ತೊಳೆದು ಮತ್ತೆ ಹಾಕುವ ಪದ್ಧತಿಯುಂಟು. ಆ ಪದ್ಧತಿ ಹೇಗೋ ಕಾಗದಕ್ಕೂ ಹಬ್ಬಿತು. ತೊಳೆದ ಕಾಗದದ ರಂಧ್ರಗಳು ಹಿಗ್ಗುತ್ತವೆ, ಮಡಿಕೆಗಳು ಹರಿಯುತ್ತವೆ, ಹೊರಮೈಯ ಕೊಳೆ ಒಳಮೈಗೆ ದಾಟುತ್ತದೆ. ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆರೆದಂತೆ.

ಒಮ್ಮೆ ದಾವಣಗೆರೆಯ ಹೊರವಲಯದಲ್ಲಿ, ಹೆದ್ದಾರಿಯ ಪಕ್ಕದ ಲಾರಿ ತಂಗುದಾಣದಲ್ಲಿ, ಹದಿನೆಂಟು ವರ್ಷವಿರಬಹುದಾದ ಹುಡುಗನೊಬ್ಬ ಬಕೆಟ್ಟಿನಲ್ಲಿ ಕಾಗದದ ಫಿಲ್ಟರನ್ನು ಅದ್ದಿ ಅದ್ದಿ ತೆಗೆಯುತ್ತಿದ್ದುದನ್ನು ಕಂಡೆ. ಯಾಕಪ್ಪಾ ತೊಳೆಯುತ್ತೀಯೆ ಎಂದು ಕೇಳಿದೆ. “ಓನರು ತೊಳ್ದು ಹಾಕು ಅಂದಾರ ಸಾರ್. ಹೊಸಾದಕ್ಕ ಬಿಲ್ಲು ತಂದ್ರ ಬಯ್ತಾರ” ಎಂದ. ತನ್ನ ಕೆಲಸ ಅಚ್ಚುಕಟ್ಟಾಗಿದೆಯೆಂದು ನನಗೆ ಮನವರಿಕೆ ಮಾಡಿಕೊಡಲು ಒಂದು ಗಾಜಿನ ಲೋಟಕ್ಕೆ ಡೀಸೆಲನ್ನು ಹಿಡಿದು ಬಿಸಿಲಿಗೆ ಎತ್ತಿದ. “ನೋಡ್ರಿ, ಕನ್ನಡಿ ಇದ್ದಂಗೈತಿ.” ಕನ್ನಡಿಯಂತೆಯೇ ಇತ್ತು. ಕಾಣದ ಕಣವನ್ನು ಅವನು ಕಾಣುವುದು ಹೇಗೆ?

ನಮ್ಮ ಲಾರಿಗಳಲ್ಲಿ ಇಂಥ ಹುಡುಗನಿಗೆ ಕ್ಲೀನರ್ ಎಂದು ಹೆಸರು. ಹಳ್ಳಿಯ ಬಾಯಲ್ಲಿ ಕಿಲೀನರು. ಗಾಜು ಒರೆಸುವವನು, ತಾಡಪಾಲು ಬಿಗಿಯುವವನು, ಏರಿನಲ್ಲಿ ಚಕ್ರಕ್ಕೆ ಕಲ್ಲು ಕೊಡುವವನು, ‘ರೈಟ್ ರೈಟ್’ ಎನ್ನುವವನು ಅವನೇ. ಕ್ಯಾನಿನಿಂದ ಟ್ಯಾಂಕಿಗೆ ಡೀಸೆಲು ಸುರಿಯುವವನೂ ಅವನೇ, ಫಿಲ್ಟರು ಬದಲಿಸುವವನೂ ಅವನೇ. ಲಾರಿಯ ಅತ್ಯಂತ ಸೂಕ್ಷ್ಮವಾದ ಅಂಗದ ಆಯುಷ್ಯ ಲಾರಿಯಲ್ಲಿ ಅತ್ಯಂತ ಕಡಮೆ ಸಂಬಳ ಪಡೆಯುವವನ ಕೈಯಲ್ಲಿದೆ. ಎರಡು ಮೈಕ್ರಾನಿನ ಸಂಗತಿಯನ್ನು ಅವನಿಗೆ ಯಾರೂ ಹೇಳಿರುವುದಿಲ್ಲ. ಅವನು ಕೆಲಸ ಕಲಿಯುವುದು ಚಾಲಕನಿಂದ. ಚಾಲಕನೂ ಒಂದು ಕಾಲಕ್ಕೆ ಕ್ಲೀನರೇ ಆಗಿದ್ದವನು, ಅವನಿಗೂ ಯಾರೂ ಹೇಳಿರಲಿಲ್ಲ. ಪಂಪು ಹೋದಾಗ ಬೈಗುಳ ಮಾತ್ರ ಇಬ್ಬರಿಗೂ ತಪ್ಪದು. ಕೆಲವು ನೂರು ರೂಪಾಯಿನ ಫಿಲ್ಟರಿನಲ್ಲಿ ಉಳಿತಾಯ ಮಾಡಹೊರಟ ಮಾಲೀಕನಿಗೂ ಇದರ ಲೆಕ್ಕ ಬಿಡಿಸಿ ಹೇಳಿದವರು ಕಡಮೆ.

ಹುಡುಗನಿಗೆ ಹೇಳಬೇಕಾದದ್ದು ಬಹಳವಿಲ್ಲ. ಫಿಲ್ಟರು ಬಿಚ್ಚುವ ಮೊದಲು ಸುತ್ತಲ ಮಣ್ಣನ್ನು ತೊಳೆದು ಒರೆಸು. ಒರೆಸಲು ನೂಲು ಬಿಡುವ ವೇಸ್ಟು ಬೇಡ. ಎಳೆ ಬಿಡದ ಬಟ್ಟೆ ತೆಗೆದುಕೊ. ಹೊಸ ಫಿಲ್ಟರನ್ನು ಪೊಟ್ಟಣದಿಂದ ತೆಗೆಯುವುದು ಕೂಡಿಸುವ ಗಳಿಗೆಯಲ್ಲಿ, ಮೊದಲೇ ತೆಗೆದು ಮಡ್‌ಗಾರ್ಡಿನ ಮೇಲಿಡಬೇಡ. ಅದರ ನಡುವಣ ತೂತಿಗೆ ಕ್ಯಾನಿನ ಡೀಸೆಲನ್ನು ಸುರಿದು ತುಂಬಿಸಬೇಡ. ಆ ತೂತು ಸೋಸಿದ ಎಣ್ಣೆ ಹೊರಡುವ ದಾರಿ. ಅಲ್ಲಿ ಸುರಿದದ್ದು ಸೋಸದೆಯೇ ನೇರವಾಗಿ ಪಂಪಿಗೆ ಹೋಗುತ್ತದೆ. ಸೀಸದ ತಿರುಪಿನಂತೆ ಕಾಣುವ ಗಾಳಿತಿರುಪನ್ನು ಸಡಿಲಿಸಿ, ಫೀಡ್ ಪಂಪಿನ ಗುಬುಟನ್ನು ಕೈಯಿಂದ ಒತ್ತುತ್ತ ಹೋದರೆ ಎಣ್ಣೆ ತಾನೇ ಸೋಸಿಕೊಂಡು ತುಂಬುತ್ತದೆ, ಗುಳ್ಳೆಗಳು ನಿಂತಾಗ ತಿರುಪನ್ನು ಬಿಗಿ. ಹತ್ತು ನಿಮಿಷ ಹೆಚ್ಚು ಹಿಡಿದೀತು, ಅಷ್ಟೆ.

ಮೂರನೆಯ ಶತ್ರು ಬೆರಕೆ. ಪಡಿತರದ ಸೀಮೆಎಣ್ಣೆಗೂ ಡೀಸೆಲಿಗೂ ಬೆಲೆಯಲ್ಲಿ ಭಾರಿ ಅಂತರವಿದ್ದ ದಿನಗಳಲ್ಲಿ ಗುರುತಿಗೆಂದು ಹಾಕುತ್ತಿದ್ದ ನೀಲಿ ಬಣ್ಣವನ್ನೂ ಲೆಕ್ಕಿಸದೆ ಜನ ಬೆರೆಸಿದರು. ಎಂಜಿನ್ನು ಓಡುತ್ತಿತ್ತು, ಆದ್ದರಿಂದಲೇ ಅಪಾಯ ತಿಳಿಯಲಿಲ್ಲ. ಸೀಮೆಎಣ್ಣೆ ತೆಳು, ಜಿಡ್ಡಿಲ್ಲ. ಸಂದಿನಲ್ಲಿ ನಿಲ್ಲಲಾರದೆ ಉಕ್ಕನ್ನು ಉಕ್ಕಿಗೆ ಮುಟ್ಟಗೊಡುತ್ತದೆ.

ಜಿಡ್ಡಿನ ಮಾತು ಬಂದಾಗ ಇನ್ನೊಂದು ಸಂಗತಿಯನ್ನು ಹೇಳಬೇಕು. ನಗರಗಳ ಗಾಳಿ ಕೆಡದಿರಲೆಂದು ಡೀಸೆಲಿನ ಗಂಧಕವನ್ನು ಹಂತ ಹಂತವಾಗಿ ತೆಗೆಯುತ್ತ ಬಂದರು. 2020ರ ಏಪ್ರಿಲ್ 1ರಿಂದ ನಮ್ಮ ದೇಶವಿಡೀ ಮಾರುವ ಡೀಸೆಲಿನಲ್ಲಿ ಹತ್ತು ಲಕ್ಷ ಪಾಲಿಗೆ ಹತ್ತೇ ಪಾಲು ಗಂಧಕ. ಗಂಧಕವನ್ನು ತೆಗೆಯುವ ಸಂಸ್ಕಾರದಲ್ಲಿ ಡೀಸೆಲಿನ ಸ್ವಾಭಾವಿಕ ಜಿಡ್ಡೂ ಹೊರಟುಹೋಗುತ್ತದೆ. 1990ರ ದಶಕದ ಆರಂಭದಲ್ಲಿ ಸ್ವೀಡನ್ ದೇಶ ಗಂಧಕವಿಲ್ಲದಂಥ ಡೀಸೆಲನ್ನು ಬಳಕೆಗೆ ತಂದಾಗ ಪಂಪುಗಳು ಅಕಾಲದಲ್ಲಿ ಸವೆದು ಈ ಸತ್ಯ ಹೊರಬಿತ್ತು. ಅಂದಿನಿಂದ ಜಿಡ್ಡು ಕೊಡುವ ದ್ರವ್ಯವನ್ನು ಡೀಸೆಲಿಗೆ ಸೇರಿಸಿಯೇ ಮಾರುತ್ತಾರೆ. ಉಕ್ಕಿನ ಗುಂಡೊಂದನ್ನು ಡೀಸೆಲಿನಲ್ಲಿ ಮುಳುಗಿಸಿ ಉಕ್ಕಿನ ಬಿಲ್ಲೆಯ ಮೇಲೆ ಉಜ್ಜಿ, ಬಿದ್ದ ಗಾಯ 460 ಮೈಕ್ರಾನು ಮೀರಬಾರದೆಂಬ ಪರೀಕ್ಷೆಯೂ ಉಂಟು. ಆದಕಾರಣ, ಟ್ಯಾಂಕಿಗೆ ಎಂಜಿನ್ ಆಯಿಲು, ಸ್ಕೂಟರಿನ ಆಯಿಲು ಸುರಿಯುವ ಚಾಲಕರ ವಾಡಿಕೆ ಒಳ್ಳೆಯ ಬಂಕಿನ ಡೀಸೆಲು ಹಾಕಿಸುವವರಿಗೆ ಅನಗತ್ಯ. 2020ರ ನಂತರದ ಹೊಸ ಲಾರಿಗಳಿಗೆ ಅದು ಹಾನಿಕರವೂ ಹೌದು. ಅವುಗಳ ಹೊಗೆಶೋಧಕಗಳು ಆಯಿಲಿನ ಬೂದಿಯಿಂದ ಕಟ್ಟಿಕೊಳ್ಳುತ್ತವೆ. ನಮ್ಮ ಹೊಂಗೆಯ ಎಣ್ಣೆಯಿಂದ ತಯಾರಿಸಿದ ಜೈವಿಕ ಡೀಸೆಲು ನೂರಕ್ಕೆ ಒಂದೆರಡು ಪಾಲು ಬೆರೆತರೂ ಕಳೆದುಹೋದ ಜಿಡ್ಡು ಬಹುಮಟ್ಟಿಗೆ ಮರಳುತ್ತದೆ. ಗಾಣದಿಂದ ತಂದ ಹಸಿ ಎಣ್ಣೆಯನ್ನೇ ಸುರಿಯುವುದು ಮಾತ್ರ ಬೇರೆ ಮಾತು. ಅದು ಅಂಟಾಗಿ ನಾಜಲನ್ನು ಕಟ್ಟಿಸುತ್ತದೆ.

ಪಂಪಿನ ಮೇಲೆ ತಂತಿ ಪೋಣಿಸಿ ಸೀಸದ ಮುದ್ರೆ ಒತ್ತಿರುವುದನ್ನು ಕೆಲವರು ನೋಡಿರಬಹುದು. ಗರಿಷ್ಠ ಎಣ್ಣೆಯನ್ನೂ ಗರಿಷ್ಠ ವೇಗವನ್ನೂ ಕಟ್ಟಿಹಾಕುವ ತಿರುಪುಗಳ ಮುದ್ರೆ ಅದು. ಶಿರಾಡಿ ಘಾಟಿಯಲ್ಲಿ ಎಳೆತ ಸಾಲದೆಂದು ಮುದ್ರೆ ಒಡೆದು ತಿರುಪು ತಿರುಗಿಸುವ ಮೇಸ್ತ್ರಿಗಳಿದ್ದಾರೆ. ಎಣ್ಣೆ ಹೆಚ್ಚಿತು, ಗಾಳಿ ಹೆಚ್ಚಲಿಲ್ಲ. ಉರಿಯದೆ ಉಳಿದದ್ದು ಕರಿಯ ಹೊಗೆಯಾಗಿ ಹಿಂದೆ ಬರುವ ಸ್ಕೂಟರಿನವನ ಮೂಗಿಗೆ ಹೋಯಿತು. ಎಳೆತ ಕಡಮೆಯಾದದ್ದಕ್ಕೆ ಕಾರಣ ಹತ್ತರಲ್ಲಿ ಅರ್ಧ ಸಲವಾದರೂ ಕಟ್ಟಿದ ಗಾಳಿಯ ಫಿಲ್ಟರೋ ಸವೆದ ನಾಜಲೋ ಆಗಿರುತ್ತದೆಂಬುದು ನನ್ನ ಅಂದಾಜು. ಅದನ್ನು ನೋಡದೆ ತಿರುಪಿಗೆ ಕೈಹಾಕುವವರನ್ನು ನಾನು ಮೇಸ್ತ್ರಿ ಎಂದು ಕರೆಯಲು ಒಪ್ಪುವುದಿಲ್ಲ.

ಪಂಪನ್ನು ಬಿಚ್ಚುವ ಹೊತ್ತು ಯಾವುದು? ನೆಟ್ಟಗೆ ನಡೆಯುತ್ತಿರುವ ಪಂಪನ್ನು ಬಿಚ್ಚುವುದೆಂದರೆ ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ. ಸವೆದ ಪಂಪು ತಾನೇ ಸುಳಿವು ಕೊಡುತ್ತದೆ. ಬೆಳಗಿನ ತಂಪಿನಲ್ಲಿ ಚಾಲೂ ಆಗುವ ಎಂಜಿನ್ನು ಊಟಕ್ಕೆ ನಿಲ್ಲಿಸಿ ಹೊರಟಾಗ, ಬಿಸಿಯಾಗಿರುವಾಗಲೇ, ಮೊಂಡು ಹಿಡಿದರೆ ಅನುಮಾನಿಸಬೇಕು. ಬಿಸಿ ಡೀಸೆಲು ತೆಳುವಾಗಿ ಹಿಗ್ಗಿದ ಸಂದಿನಿಂದ ಸೋರಿಹೋಗುತ್ತದೆ. ಪಂಪಿನ ಕೆಳಗಿನ ಆಯಿಲಿನ ಮಟ್ಟ ಇಳಿಯುವುದರ ಬದಲು ಏರುತ್ತಿದ್ದರೆ, ಸೋರಿದ ಡೀಸೆಲು ಅಲ್ಲಿಗೆ ಇಳಿಯುತ್ತಿದೆಯೆಂದೇ ಅರ್ಥ. ಆಗ ಲಾರಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ ದೂಡಿಸುತ್ತ ಕಾಲ ಕಳೆಯದೆ, ಟೆಸ್ಟ್ ಬೆಂಚು ಇರುವ ಅಂಗಡಿಗೆ ಒಯ್ಯಬೇಕು.

ಅಂಗಡಿಯನ್ನು ಆರಿಸುವುದಕ್ಕೂ ಒಂದು ಗುರುತುಂಟು. ಒಳ್ಳೆಯ ಪಂಪಿನ ಮೇಸ್ತ್ರಿಯ ಕೋಣೆ ಗ್ಯಾರೇಜಿನಂತಿರುವುದಿಲ್ಲ. ಬಾಗಿಲು ಮುಚ್ಚಿರುತ್ತದೆ, ನೆಲ ಒದ್ದೆಬಟ್ಟೆಯಲ್ಲಿ ಒರೆಸಿರುತ್ತದೆ. ಅಂಥ ಒಬ್ಬ ಹಿರಿಯರು ನನ್ನೆದುರಿಗೆ ಹೊಸ ಎಲಿಮೆಂಟೊಂದನ್ನು ಡೀಸೆಲಿನಲ್ಲಿ ಅದ್ದಿ, ಪ್ಲಂಜರನ್ನು ಬೆರಳಿನಿಂದ ಮುಟ್ಟದೆ ಅದರ ಬುಡವನ್ನಷ್ಟೇ ಹಿಡಿದು ಅರ್ಧಕ್ಕೆ ಎಳೆದು ಕೈಬಿಟ್ಟರು. ಬೆವರಿನ ಉಪ್ಪು ತಾಗಿದರೂ ಆ ಮೈಗೆ ತುಕ್ಕು ಹಿಡಿಯುತ್ತದೆ. ಪ್ಲಂಜರು ತನ್ನ ಭಾರಕ್ಕೆ ತಾನೇ, ಅವಸರವಿಲ್ಲದೆ, ಒಂದೇ ಹದದಲ್ಲಿ ಇಳಿದು ತಳ ಸೇರಿತು. ಹಳೆಯದೊಂದನ್ನು ಹಾಗೆಯೇ ಬಿಟ್ಟರು. ಅದು ಬಾವಿಗೆ ಬಿದ್ದ ಕೊಡದಂತೆ ಸರ್ರನೆ ಇಳಿಯಿತು. ಕಿಂಡಿಯ ಬೆಳಕಿಗೆ ಅದನ್ನು ಹಿಡಿದು ತೋರಿಸಿದರು: ಓರೆಗಾಡಿಯ ಅಂಚಿನ ಬಳಿ ಮಂಕಾದ ಒಂದು ಪಟ್ಟೆ, ಉಗುರಿಗೆ ಸಿಕ್ಕದಷ್ಟು ನವುರಾದದ್ದು.

ಕೊನೆಯದಾಗಿ ನೀರೆತ್ತುವ ಎಂಜಿನ್ನು ಉಳ್ಳವರಿಗೆ ಒಂದು ಮಾತು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂತ ಪಂಪು ಓಡಿದ ಪಂಪಿಗಿಂತ ಬೇಗ ತುಕ್ಕಿಗೆ ತುತ್ತಾಗುತ್ತದೆ. ಟ್ಯಾಂಕು ತುಂಬಿರಲಿ, ಹದಿನೈದು ದಿನಕ್ಕೊಮ್ಮೆ ಎಂಜಿನ್ನು ಕಾಲು ಗಂಟೆ ಓಡಲಿ. ಹಾಗೂ ಪ್ಲಂಜರು ಹಿಡಿದುಕೊಂಡರೆ ಸುತ್ತಿಗೆಯಿಂದ ಬಡಿಯದೆ, ಬಿಚ್ಚಿ ಬಟ್ಟೆಯಲ್ಲಿ ಸುತ್ತಿ, ಮುಂದಿನ ಸಂತೆಯ ದಿನ ಪೇಟೆಗೆ ತನ್ನಿ.